ತಲಾ ಆರುನೂರ ನಲವತ್ತು

ಐಸ್ ಪ್ಲಾಂಟಿನ ಹಳೇ ಲೆಡ್ಜರಿನ ಕೊನೆಯ ಪುಟದಲ್ಲಿ
ಮೊದಲು ಬರೆದದ್ದು ಹಕ್ಕಿಯ ಹೆಸರಲ್ಲ:
ಬರುತ್ತೇನೆ ಅಂದವರು ಹತ್ತೊಂಬತ್ತು.
ಮುಂಗಡ ಕೊಟ್ಟವರು ನನ್ನನ್ನೂ ಸೇರಿಸಿ ಏಳು.
ತಲಾ ಆರುನೂರ ನಲವತ್ತು.

ಕಾರವಾರದಿಂದ ಕದ್ರಾ, ಘಟ್ಟ ಹತ್ತಿ ಅಣಶಿ, ಆಚೆ ಕುಂಬಾರವಾಡ.
ಹೆಂಗಸರು ನಾವು ನಾಲ್ವರು,
ಆಧಾರ್ ತೋರಿಸಿದರೆ ಸೊನ್ನೆ ರೂಪಾಯಿ ಟಿಕೆಟ್ಟು.
ಮೂವರು ಗಂಡಸರ ಬಸ್ ಚಾರ್ಜು ಐನೂರ ಎಪ್ಪತ್ತನ್ನು
ಮೂರು ಪಾಲು ಮಾಡುವುದೋ ಏಳು ಪಾಲೋ ಎಂದು
ಬೈತಖೋಲದ ಚಹಾದಂಗಡಿಯಲ್ಲಿ ಎರಡು ಸಂಜೆ ಹೋಯಿತು.
'ಹಕ್ಕಿ ಏಳೂ ಜನಕ್ಕೆ ಕಂಡರೆ ಏಳು ಪಾಲು.
ಕಾಣದವರು ಕೊಡುವುದು ಬೇಡ,' ಅಂದ ತಾಂಡೇಲ ಮಾಮ,
ಮೂವತ್ತೆಂಟು ವರ್ಷ ಟ್ರಾಲರಿನ ಚುಕ್ಕಾಣಿ ಹಿಡಿದವ,
ಪಾಲಿನ ಜಗಳ ಬಲ್ಲವ.
ಹಾಗೆಯೇ ಬರೆದುಕೊಂಡೆ. ಸಹಿ ಹಾಕಿಸಿದೆ.

ದುರ್ಬೀನು ಒಂದೇ. ಫಿಲೋಮಿನಾ ಟೀಚರದ್ದು.
ಎಡಗಣ್ಣಿನ ಗಾಜಿಗೆ ಬೂಷ್ಟು,
ಪಟ್ಟಿ ಹರಿದಲ್ಲಿ ಬಲೆ ಹೆಣೆಯುವ ನೈಲಾನ್ ದಾರ.
ಅವರ ಪುಸ್ತಕಕ್ಕೆ ರಟ್ಟಿಲ್ಲ,
ಗಿಡುಗದಿಂದ ಶುರುವಾಗಿ ಗುಬ್ಬಿಗೆ ಮೊದಲೇ ಮುಗಿಯುತ್ತದೆ.
ಕಾಜುಬಾಗದ ಶಕೀಲಾ ಮಿಕ್ಕ ತುಂಡುಗಳಲ್ಲಿ
ಎಲ್ಲರಿಗೂ ಹಸಿರು ಟೋಪಿ ಹೊಲಿದಳು. ಕೂಲಿ ಬರೆಸಲಿಲ್ಲ.
ಪಾಲಿಟೆಕ್ನಿಕ್‌ನ ಓಂಕಾರ, ರೋಹಿದಾಸ
ಹನ್ನೆರಡು ಬೇಯಿಸಿದ ಮೊಟ್ಟೆ ತಂದರು.
ಹಕ್ಕಿ ನೋಡಲು ಹೊರಟವರು ಮೊಟ್ಟೆ ತಿನ್ನುವುದುಂಟೇ
ಎಂದು ಕೇಳಿದ ರೇವತಿ ಎರಡು ತಿಂದಳು.

ಕಡಲಲ್ಲಿ ಒಮ್ಮೆಯೂ ವಾಂತಿ ಮಾಡದ ಮಾಮ
ಅಣಶಿ ಬರುವುದರೊಳಗೆ ಎರಡು ಸಲ
ಬಸ್ಸಿನ ಕಿಟಕಿಯಾಚೆ ತಲೆ ಹಾಕಿದ.
'ಬಸ್ಸಲ್ಲ ಮಾರಾಯ್ತಿ, ಗುಡ್ಡವೇ ಅಲ್ಲಾಡುತ್ತದೆ.'

ದೇವಿದಾಸ ವೇಳಿಪನ ಜಗಲಿ. ಏಳು ಚಾಪೆ, ಆರು ಕಂಬಳಿ.
ಊಟ ವಸತಿಗೆ ತಲಾ ಇನ್ನೂರೈವತ್ತು ಅಂದ.
ದಿನವಿಡೀ ಬರ್ಫದ ಚೌಕಾಸಿಯಲ್ಲಿ ಪಳಗಿದ ನನ್ನ ನಾಲಿಗೆ
ಇನ್ನೂರಕ್ಕೆ ಮಾಡಿ ಎನ್ನಲು ಎದ್ದಿತು.
ಅಷ್ಟರಲ್ಲಿ ಅವನ ತಾಯಿ ನಮ್ಮ ತಲೆ ಎಣಿಸಿಕೊಂಡು
ಪಕ್ಕದ ಮನೆಗೆ ತಾಟು ಕೇಳಲು ಹೊರಟಳು.
ಇನ್ನೂರೈವತ್ತೇ ಬರೆದೆ.
ರಾತ್ರಿ ಅನ್ನ, ಮುಡ್ಲಿ ಗೆಡ್ಡೆಯ ಪಲ್ಯ,
ಆಮೇಲೆ ಯಾರಿಗೂ ಪರಿಚಯವಿಲ್ಲದಷ್ಟು ಚಳಿ.

ಬೆಳಿಗ್ಗೆ, ಹಳ್ಳದ ಮೇಲಿನ ಇಳಿಜಾರಿನಲ್ಲಿ
ವೇಳಿಪ ಬರೀ ಅಂಗೈ ಎತ್ತಿದ.
ಕಾಕರಣೆ.
ಬೆನ್ನು ಹಾಕಿ ಕೂತಿದೆಯಂತೆ. ತಿರುಗಿತಂತೆ.
ಆಳಿಗೊಂದು ನಿಮಿಷ ಎಂದು ಕರಾರು ಹಾಕಿದವಳು ನಾನು,
ಕೆಳಗಿನ ಬಂಡೆಯ ಮೇಲೆ ವಾಚು ಹಿಡಿದು ಕೂತವಳೂ ನಾನೇ.
ಟೀಚರ್ ಒಂದು. ಶಕೀಲಾ ಒಂದು. ರೇವತಿ ಒಂದೂಕಾಲು.
ಹುಡುಗರು ಕಿತ್ತಾಡುತ್ತ ಎರಡೂವರೆ.
ಬರಿಗಣ್ಣಿಗೇ ಕಾಣುತ್ತದೆ ಅಂದ ಮಾಮ
ತನ್ನ ನಿಮಿಷವನ್ನು ಮಾತ್ರ ಬಿಡಲಿಲ್ಲ.

ನನ್ನ ಕೈಗೆ ಬಂದ ದುರ್ಬೀನು ಬೆಚ್ಚಗಿತ್ತು,
ಅಂಚಿನಲ್ಲಿ ಆರು ಜನರ ಹುಬ್ಬಿನ ಪಸೆ.
ಬೂಷ್ಟಿನಾಚೆ ಒಂದು ಕೊಂಬೆ.
ಕೊಂಬೆ ಇನ್ನೂ ನಿಂತಿರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ, ಕದ್ರಾ ದಾಟಿದ ಮೇಲೆ,
ನನ್ನ ಮಡಿಲಿಗೆ ಎಂಬತ್ತೊಂದು ರೂಪಾಯಿ ಬಿತ್ತು.
'ಕರಾರು ಕರಾರೇ. ಆರು ಪಾಲು.'
ಬೇಡ ಅಂದೆ. ನನ್ನದೇ ಅಕ್ಷರ ತೋರಿಸಿದ.
ಹೋಗಲಿ, ಹೇಗಿತ್ತು ಹೇಳು ಅಂದೆ.

ಕಾಳಿಯ ನೀರನ್ನು ತುಂಬ ಹೊತ್ತು ನೋಡಿದ.
'ಎದೆಗೊಂದು ಬಿಳಿ ಗೆರೆ. ಅದರ ಕೆಳಗೆ ಕೆಂಪು.
ಎಂಥ ಕೆಂಪು ಅಂದರೆ...
ಬಲೆಯಿಂದ ಬಿಡಿಸಿದ ಕೂಡಲೇ ಇಸ್ವಾಣದ ಕಿವಿರು ಎತ್ತಿದರೆ
ಇರುತ್ತದಲ್ಲ, ಅದು. ಐಸಿಗೆ ಹಾಕುವ ಮೊದಲು.'

ಐಸಿಗೆ ಹಾಕುವ ಮೊದಲಿನ ಮೀನು
ನಾನೆಲ್ಲಿ ನೋಡಿದ್ದೇನೆ ಮಾಮ?

ಅವನೂ ಅದನ್ನು ಯೋಚಿಸಿರಲಿಲ್ಲ.
ಮಂಕಿ ಕ್ಯಾಪು ತೆಗೆದು ಮಡಚಿದ, ಬಿಚ್ಚಿದ, ಮಡಚಿದ.
ಹಿಂದಿನ ಸೀಟಿನಲ್ಲಿ ಹುಡುಗರು
ಉಳಿದ ಒಂದು ಮೊಟ್ಟೆಯನ್ನು ಯಾರು ತಿನ್ನಬೇಕೆಂದು
ಚೀಟಿ ಎತ್ತುತ್ತಿದ್ದರು.
ಎಂಬತ್ತೊಂದು ರೂಪಾಯಿ ಲೆಡ್ಜರಿನಲ್ಲಿದೆ.
ಪಕ್ಕದಲ್ಲಿ, ಬೇರೆ ಕೈಬರಹದಲ್ಲಿ:
ದೋಣಿಗೆ ಡೀಸೆಲ್ಲು ಎಷ್ಟು, ಕೇಳಬೇಕು.